ವ್ಯಾಕ್ಸ್ ಹಚ್ಚೂವಾಗ ಮಷಿನ್ ಮ್ಯಾಲ ಭಾರ ಹಾಕಬ್ಯಾಡ್ರಿ

ದಸರಾದ ಖಂಡೇಪೂಜಿ ಹತ್ರ ಬಂತಂದ್ರ ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ ನೋಡಿದ್ರೂ ಗಾಡಿ ತೊಳಿಯೂ ಹುರುಪ. ಈಗಿನ ಹುಡುಗ್ರು ಪ್ಯಾಡ್ ತಿರಗಸೂ ಪಾಲಿಶ್ ಮಷಿನ್ ತರಿಸ್ಕೊಂಡು ಮನ್ಯಾಗ ಗಾಡಿಗೆ ವ್ಯಾಕ್ಸ್ ಮಾಡಾಕತ್ತಾರ. ಮಾಡ್ರಿ, ಅಡ್ಡಿ ಇಲ್ಲ. ಆದ್ರ ಪಾಲಿಶ್ ಬ್ಯಾರೆ, ವ್ಯಾಕ್ಸ್ ಬ್ಯಾರೆ. ಪಾಲಿಶ್ ಬಣ್ಣದ ಮ್ಯಾಲಿನ ಪದರ ಸಣ್ಣಗ ತಿಕ್ಕಿ ತೆಗಿತೈತಿ. ವ್ಯಾಕ್ಸ್ ಏನೂ ತೆಗಿಯೂದಿಲ್ಲ, ಮ್ಯಾಲ ತೆಳ್ಳಗ ಕುಂದರತೈತಿ, ಅಷ್ಟ. ಅಂದಮ್ಯಾಲ ಒತ್ತಿ ತಿಕ್ಕೂ ಕೆಲಸ ಎಲ್ಲಿ ಬಂತು?

ಮಷಿನ್ ತಗೊಳ್ಳೂದಾದ್ರ ಡ್ಯುಯಲ್ ಆಕ್ಷನ್ ತಗೋರಿ. ಅದರ ಪ್ಯಾಡ್ ತಿರಗತಾ ತಿರಗತಾ ಅತ್ತಿತ್ತ ಸರಿತೈತಿ, ಹಿಂಗಾಗಿ ಒಂದ ಜಾಗಾ ಕಾಯೂದಿಲ್ಲ. ಇದ್ದಲ್ಲೇ ಗರಗರ ತಿರಗೂ ರೋಟರಿ ಕೈ ಪಳಗಿದವರಿಗೆ ಬಿಡ್ರಿ. ಇನ್ನ ಕೆಲವರು ವೆಲ್ಡಿಂಗ್ ಅಂಗಡಿ ನಾಕ ಇಂಚಿನ ಗ್ರೈಂಡರಿಗೇ ಸ್ಪಾಂಜ್ ಕಟ್ಟತಾರ. ಅದು ನಿಮಿಷಕ್ಕ 10,000 ಸುತ್ತು ದಾಟತೈತಿ. ಬಾನೆಟ್ ಅಂಚಿನ ಬಣ್ಣ ಸುಟ್ಟು ಹೋಗಾಕ ಎಷ್ಟೊತ್ತು? ಬಣ್ಣದ ಮ್ಯಾಲಿನ ಹೊಳಪಿನ ಪದರ ಸುಮಾರು 40-50 ಮೈಕ್ರಾನ್, ತಲಿಗೂದಲಿಗಿಂತ ತೆಳ್ಳಗ.

ಅರ್ಧ ಕೆಲಸ ತೊಳಿಯೂದರಾಗ ಐತಿ. ನವಲಗುಂದ ಕಡೆ ಹೋಗಿ ಬಂದ ಗಾಡಿ ಬಾಗಿಲ ಕೆಳಗ ಎರಿಮಣ್ಣು ಒಣಗಿ ಹತ್ತಿರತೈತಿ. ಅದನ್ನ ಒಣ ಅರಬಿಲೆ ಒರಿಸಿದ್ರ ಗೀರು ಖಾತ್ರಿ. ಮೊದಲ ನೀರ ಬಿಟ್ಟು ನೆನಸ್ರಿ, ಆಮ್ಯಾಲ ಶಾಂಪೂ ಹಾಕಿ ಮ್ಯಾಲಿಂದ ಕೆಳಗ ತೊಳೀರಿ. ಬೋರ್ ನೀರಾದ್ರ ಬಿಸಲಾಗ ಒಣಗಾಕ ಬಿಡಬ್ಯಾಡ್ರಿ, ಬಿಳಿ ಕಲಿ ನಿಂತು ವ್ಯಾಕ್ಸ್ ಒಳಗ ಹಂಗ ಉಳಿತಾವ. ಗಾಡಿ ಒರಿಸಿದ ಮ್ಯಾಲ ಕೈಗೆ ತೆಳ್ಳನ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಬಾನೆಟ್ ಮ್ಯಾಲ ಸವರ್ರಿ. ಬರೇ ಕೈಗೆ ತಿಳೀಲಾರದ ಉಸುಕು, ಡಾಂಬರ ಕಣ ಚೀಲದಾಗ ಗರಗರ ಅಂತ ಹತ್ತತಾವ. ಹಂಗಿದ್ರ ಕ್ಲೇ ಬಾರ್ (ಅಂಟಿದ ಕಣ ಎತ್ತೂ ಮೆತ್ತನ ಜೇಡಿಮಣ್ಣಿನಂಥ ಉಂಡಿ) ಹಾಯಿಸೂತನಕ ಮಷಿನ್ ಮುಟ್ಟಬ್ಯಾಡ್ರಿ. ಕರೀ ಪ್ಲಾಸ್ಟಿಕ್, ರಬ್ಬರ್ ಇದ್ದಲ್ಲಿ ಪೇಪರ್ ಟೇಪ್ ಅಂಟಿಸ್ರಿ. ಅಲ್ಲಿ ವ್ಯಾಕ್ಸ್ ಹತ್ತಿ ಬೆಳ್ಳಗಾತಂದ್ರ ತೆಗಿಯೂದರಾಗ ಸಾಕಸಾಕಾಗತೈತಿ.

ಹಚ್ಚೂದು ನೆರಳಾಗ, ಬಾನೆಟ್ ತಣ್ಣಗಿದ್ದಾಗ. ಹುಣಸಿ, ಬೇವಿನ ಗಿಡದ ನೆರಳ ಬ್ಯಾಡ, ಮ್ಯಾಲಿಂದ ಏನರೆ ಉದರತಿರತೈತಿ. ಮಷಿನ್‌ಗೆ ತೆಳ್ಳನ ವ್ಯಾಕ್ಸ್ ಛಲೋ, ಗಟ್ಟಿ ಡಬ್ಬಿದು ಕೈಲೇ ಹಚ್ಚೂದ ಹಗರ. ಮೆತ್ತನ ಸ್ಪಾಂಜ್ ಪ್ಯಾಡಿಗೆ ಕಡ್ಲಿಕಾಳಿನಷ್ಟು ಮೂರ್ನಾಕ ಹನಿ ಸಾಕು. ಪ್ಯಾಡ್ ಗಾಡಿಗೆ ಹಚ್ಚಿ ಆಮ್ಯಾಲ ಬಟನ್ ಒತ್ರಿ, ಇಲ್ಲಂದ್ರ ವ್ಯಾಕ್ಸ್ ಗ್ವಾಡಿಗೂ ನಿಮ್ಮ ಮಾರಿಗೂ. ಸ್ಪೀಡ್ ಒಂದು ಇಲ್ಲಾ ಎರಡು. ವಾಯರ್ ಹೆಗಲ ಮ್ಯಾಲ ಹಾಕ್ಕೋರಿ, ಉಂಗುರ, ಬೆಲ್ಟ್ ತಗದಿಡ್ರಿ. ಎರಡು ಫೂಟಿನ ಚೌಕ ಹಿಡಿದು ಒಮ್ಮೆ ಅಡ್ಡ, ಒಮ್ಮೆ ಉದ್ದ, ಪ್ಯಾಡ್ ಸಪಾಟ ಇಟ್ಟು ಸಾವಕಾಶ ಒಯ್ರಿ. ಮಷಿನ್ ತೂಕಾನ ಸಾಕು. ಹ್ಯಾಂಡಲ್ ಸಂದಿ, ನಂಬರ್ ಪ್ಲೇಟ್ ಸುತ್ತ ಕೈಲೇ ಮುಗಸ್ರಿ.

ಒಣಗೇತೋ ಇಲ್ಲೋ ನೋಡಾಕ ಬಳ್ಳು ಎಳೀರಿ. ಗೆರಿ ಸ್ವಚ್ಛ ಬಂದ್ರ ಒರಸ್ರಿ, ಮೆತ್ತಿಕೊಂಡ್ರ ಇನ್ನಷ್ಟು ತಡೀರಿ. ಹಳೇ ಧೋತರ, ಬನಿಯನ್ ತರಬ್ಯಾಡ್ರಿ, ಮೈಕ್ರೋಫೈಬರ್ ಅರಬಿನೇ ಬೇಕು. ಅದೂ ನೆಲಕ್ಕ ಬಿತ್ತಂದ್ರ ಅವತ್ತಿಗೆ ಅದರ ಕೆಲಸ ಮುಗೀತು. ಪೂಜಿ ಮುಗಿದ ಮರುದಿನ ಕುಂಕುಮ, ಅರಿಶಿಣ, ಎಣ್ಣಿ ನೀರ ಹಾಕಿ ತೊಳೀರಿ, ವ್ಯಾಕ್ಸ್ ಇದ್ರ ಹಗರಕ್ಕ ಬಿಡತಾವ. ಎರಡ್ಮೂರು ತಿಂಗಳಿಗೆ ನೀರಿನ ಹನಿ ಗುಂಡಗ ನಿಲ್ಲೂದು ಬಿಟ್ಟು ಹರವಾಗಿ ಹರದಾವಂದ್ರ ಮತ್ತ ಹಚ್ಚೂ ಹೊತ್ತು ಬಂತು. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಗೆ ಒಂದೆರಡ ತಿಂಗಳ ತಡೀರಿ. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಇದ್ಯಾವುದೂ ಬ್ಯಾಡ.