ಎಫ್‌ಟಿ-817ಗೆ ಮೂರು ತಂತಿಯ ಕೇಬಲ್: ನನ್ನ ಅನುಭವ

ಹ್ಯಾಮ್ ರೇಡಿಯೋ ಸೆಟ್‌ಗೆ ಕಂಪ್ಯೂಟರಿನಿಂದ ಚಾನೆಲ್ ತುಂಬಲು ಮೂರು ತಂತಿ ಸಾಕು ಅಂದಾಗ ನಮ್ಮ ಹ್ಯಾಮ್ ಗುಂಪಿನಲ್ಲಿ ಯಾರೂ ನಂಬಲಿಲ್ಲ. ‘ಮಧ್ಯೆ ಮ್ಯಾಕ್ಸ್232 (ವೋಲ್ಟೇಜ್ ಹೊಂದಿಸುವ ಚಿಪ್) ಇಲ್ಲದೆ ನೇರ ಕೊಟ್ಟರೆ ಸೆಟ್ ಸುಟ್ಟು ಹೋಗುತ್ತೆ ಕಣ್ರೀ’ ಅಂದರು ಹಿರಿಯರೊಬ್ಬರು. ಇನ್ನೊಬ್ಬರು ‘ಆ ಹಳೇ 817 ಮಾರಿಬಿಡಿ ಸರ್, ಎರಡು ಸಾವಿರಕ್ಕೆ ಚೈನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಬರುತ್ತೆ’ ಅಂದರು. ಈಗ ನನ್ನ ಯಾಯೆಸು ಎಫ್‌ಟಿ-817ಎನ್‌ಡಿಯಲ್ಲಿ ನೂರಕ್ಕೂ ಜಾಸ್ತಿ ಚಾನೆಲ್ ಹೆಸರು ಸಮೇತ ಕೂತಿವೆ. ಸೆಟ್ ಸುಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಸೆಟ್‌ನಲ್ಲಿ 200 ಮೆಮೊರಿ ಇದೆ, ಹೆಸರಿಗೆ 8 ಅಕ್ಷರ. ಡಯಲ್ ತಿರುಗಿಸಿ ಒಂದೊಂದೇ ಅಕ್ಷರ ಹಾಕಿದವರಿಗೆ ಆ ಹಿಂಸೆ ಗೊತ್ತಿರುತ್ತದೆ. ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ಕಂಪನಿಯ ಸಿಟಿ-62 ಕೇಬಲ್ ತರಿಸೋಣ ಅಂದರೆ ಸಾಗಣೆ, ತೆರಿಗೆ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಹೋಗುತ್ತಿತ್ತು. ಅದರ ಬದಲು ಆನ್‌ಲೈನ್‌ನಲ್ಲಿ ಒಂಬೈನೂರು ಚಿಲ್ಲರೆಗೆ ಒಂದು ‘ಕಂಪ್ಯಾಟಿಬಲ್’ ಕೇಬಲ್ ತಗೊಂಡೆ. ಒಳಗಿನ ಯುಎಸ್‌ಬಿ ಚಿಪ್ ನಕಲಿ. ವಿಂಡೋಸ್ 11ರ ಹೊಸ ಡ್ರೈವರ್ ಅದನ್ನು ನೋಡಿದ ತಕ್ಷಣ ಹಳದಿ ತ್ರಿಕೋನ ತೋರಿಸಿ ಸುಮ್ಮನಾಯಿತು. ಮಾರಿದವರಿಗೆ ಬರೆದರೆ ‘ಡ್ರೈವರ್ ಹಾಕಿ ಸರ್’ ಅಂತ ಉತ್ತರ. ಹಳೇ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಪೋರ್ಟ್ ಏನೋ ಕಾಣಿಸಿತು, ಆದರೆ ಚಿರ್ಪ್ (ಸೆಟ್‌ನ ಚಾನೆಲ್ ಓದಿ ಬರೆಯುವ ತಂತ್ರಾಂಶ) ಓದಲು ಶುರು ಮಾಡಿದರೂ ಸರಿಯಾಗಿ ಮುಗಿಸುತ್ತಿರಲಿಲ್ಲ.

ಸಿಟಿ-62ರ ಒಳಗೆ ಮ್ಯಾಕ್ಸ್232 ಇರುವುದು ಕಂಪ್ಯೂಟರಿನ ಹಳೇ ಸೀರಿಯಲ್ ಪೋರ್ಟ್‌ನ ಹೆಚ್ಚಿನ ವೋಲ್ಟೇಜ್‌ಗೋಸ್ಕರ. 817ರ ಎಸಿಸಿ ಜ್ಯಾಕ್‌ನಲ್ಲಿ (ಕೇಬಲ್ ಸಿಕ್ಕಿಸುವ ಜಾಗ) ಇರುವುದು ಬರೀ 5 ವೋಲ್ಟ್‌ನ ಟಿಟಿಎಲ್ ಸಿಗ್ನಲ್. ಯುಎಸ್‌ಬಿ-ಟಿಟಿಎಲ್ ಮಾಡ್ಯೂಲ್ ಕೊಡುವುದೂ ಅದನ್ನೇ. ಹಾಗಿದ್ದ ಮೇಲೆ ಮಧ್ಯೆ ಮ್ಯಾಕ್ಸ್232 ಯಾಕೆ ಬೇಕು, ಅಲ್ವಾ? ಅಂಥ ಎಫ್‌ಟಿ232 ಮಾಡ್ಯೂಲ್ ಸುಮಾರು ಮುನ್ನೂರು ರೂಪಾಯಿ. ಜಂಪರ್ 5 ವೋಲ್ಟ್ ಕಡೆ ಇಟ್ಟೆ. ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು) ಅದಲು ಬದಲು, ಒಂದು ಗ್ರೌಂಡ್, ಅಷ್ಟೇ. ಮಾಡ್ಯೂಲಿನ ವಿಸಿಸಿ (ವಿದ್ಯುತ್ ಪಿನ್) ಸೆಟ್‌ಗೆ ಹೋಗಬಾರದು. ಎಸಿಸಿ ಜ್ಯಾಕ್‌ನ ಒಂದು ಪಿನ್‌ನಲ್ಲಿ ಸಪ್ಲೈನ 13.8 ವೋಲ್ಟ್ ಹಾಗೇ ಬರುತ್ತದೆ, ಆ ತಂತಿಯನ್ನು ಬುಡದಲ್ಲೇ ಕತ್ತರಿಸಿ ಸ್ಲೀವ್ ಹಾಕಿ. ಸೆಟ್ ಸುಡುವುದಾದರೆ ಆ ತಂತಿಯಿಂದಲೇ.

ನಿಜವಾದ ತಲೆನೋವು ಪ್ಲಗ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 6 ಪಿನ್ ಮಿನಿ-ಡಿನ್ (ಸಣ್ಣ ದುಂಡು ಪ್ಲಗ್) ಎಷ್ಟು ಬೇಕಾದರೂ ಸಿಗುತ್ತದೆ, ಹಳೇ ಮೌಸ್, ಕೀಬೋರ್ಡ್‌ನದು. ಈ ಸೆಟ್‌ಗೆ ಬೇಕಾದ 8 ಪಿನ್ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಕೊನೆಗೆ ಗುಜರಿಯಲ್ಲಿ ಹಳೇ ಆಪಲ್ ಮ್ಯಾಕ್‌ನ ಪ್ರಿಂಟರ್ ಕೇಬಲ್ ಸಿಕ್ಕಿತು. ನೂರು ರೂಪಾಯಿ ಕೇಳಿದರು, ಚೌಕಾಸಿ ಮಾಡದೆ ಕೊಟ್ಟೆ. ಆ ಕೇಬಲ್‌ನ ಒಳಗೆ ತಂತಿಗಳು ಅಡ್ಡ ಹಾದಿರುತ್ತವೆ, ಬಣ್ಣ ನಂಬಬೇಡಿ, ಒಂದು ತುದಿ ಕತ್ತರಿಸಿ ಪ್ರತಿ ಪಿನ್‌ಗೂ ಮೀಟರ್ ಹಿಡಿಯಿರಿ. ನನ್ನ ಕೇಬಲ್‌ನಲ್ಲಿ ಇನ್ನೊಂದು ಸಣ್ಣ ಸಾಮಾನೂ ಇದೆ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಮಾತಾಡಲು ಪಿಟಿಟಿ ಗುಂಡಿ ಒತ್ತಿದಾಗ ಯುಎಸ್‌ಬಿ ಕಳಚಿಕೊಳ್ಳದೆ ಇರುವುದು ಅದರಿಂದಲೇ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಸಿಕ್ಕಾಗ ಒಂದು ಕಾಫಿ ಕೊಡಿಸಿ.

ಸೆಟ್‌ನ ಮೆಮೊರಿಯನ್ನು ಕಂಪ್ಯೂಟರಿನ ಜೊತೆ ಅದಲು ಬದಲು ಮಾಡುವ ಕ್ಲೋನ್ ಮೋಡ್‌ಗೆ ಮೋಡ್ ಕೀ ಎರಡನ್ನೂ ಒತ್ತಿ ಹಿಡಿದು ಪವರ್ ಆನ್ ಮಾಡಬೇಕು. ಸೆಟ್‌ನಿಂದ ಓದುವಾಗ ಚಿರ್ಪ್‌ನಲ್ಲಿ ಓಕೆ ಒತ್ತಿದ ಮೇಲೆಯೇ ಸೆಟ್‌ನ ಎ ಕೀ. ಮತ್ತೆ ಸೆಟ್‌ಗೆ ಬರೆಯುವಾಗ ಮೊದಲು ಸಿ, ಆಮೇಲೆ ಓಕೆ. ಎಫ್‌ಟಿ-857 ಇಟ್ಟುಕೊಂಡ ನಮ್ಮ ಹಿರಿಯರು ಇದನ್ನು ಉಲ್ಟಾ ಹೇಳಿಕೊಟ್ಟಿದ್ದರು. ಅವರ ತಪ್ಪಲ್ಲ, ಆ ಸೆಟ್‌ನಲ್ಲಿ ಎ ಮತ್ತು ಸಿ ನಿಜವಾಗಿಯೂ ಅದಲು ಬದಲು. ಮೆನುವಿನ ಕ್ಯಾಟ್ ರೇಟ್ (ಕಂಪ್ಯೂಟರಿನಿಂದ ಸೆಟ್ ನಡೆಸುವ ವೇಗ) 4800, 9600, 38400 ಯಾವುದಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ, ಕ್ಲೋನ್ ನಡೆಯುವುದು 9600ರಲ್ಲೇ. ಇದು ತಿಳಿಯದೆ ಎಷ್ಟೋ ಜನ ಮೆನು ಜೊತೆ ರಾತ್ರಿಯಿಡೀ ಗುದ್ದಾಡುತ್ತಾರೆ.

ಆದರೂ ಓದುವುದು ಮುಗಿಯಲಿಲ್ಲ. ಹೊಸ ಕೇಬಲ್‌ನಲ್ಲೂ ಅದೇ ಕಥೆ ಅಂದಾಗ ಕೇಬಲ್ ಮೇಲಿನ ಅನುಮಾನ ಹೋಯಿತು. ನನ್ನದು ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಸೆಟ್. ಚಿರ್ಪ್ ಪಟ್ಟಿಯಲ್ಲಿ 817, 817ಎನ್‌ಡಿ, 817ಎನ್‌ಡಿ ಯುಎಸ್ ಅಂತ ಮೂರು ಬೇರೆ ಬೇರೆ ಇವೆ, ಅಮೆರಿಕದ ಸೆಟ್‌ನಲ್ಲಿ 60 ಮೀಟರ್ ಬ್ಯಾಂಡಿನ ಚಾನೆಲ್‌ಗಳ ಮಾಹಿತಿ ಜಾಸ್ತಿ ಇರುತ್ತದೆ. ಈ ಸಲ ಮೂರನೆಯದನ್ನು ಆರಿಸಿದೆ, ಪಟ್ಟಿ ಪೂರ್ತಿ ತೆರೆದುಕೊಂಡಿತು. ಆ ಒಂಬೈನೂರರ ಕೇಬಲ್ ಕೂಡ ಲಿನಕ್ಸ್‌ನಲ್ಲಿ ಈಗ ಓದುತ್ತದೆ! ಹಳೇ ಮಾಲೀಕರ ಚಾನೆಲ್‌ಗಳ ನಡುವೆ ವಿಒ-52 ಅಂತ ಒಂದು ಕಂಡಿತು. ನಮ್ಮ ಹ್ಯಾಮ್‌ಸ್ಯಾಟ್ ಉಪಗ್ರಹ! 2005ರಲ್ಲಿ ಇಸ್ರೋ ಹಾರಿಸಿದ್ದು, 2014ರಲ್ಲಿ ನಿಂತುಹೋಯಿತು. ಅದನ್ನು ಅಳಿಸಿಲ್ಲ.

ಸೆಟ್‌ನಿಂದ ಓದಿದ ಆ ಮೊದಲ ಇಮೇಜ್ ಫೈಲ್‌ನ ಕಾಪಿ ಎರಡು ಕಡೆ ಇಟ್ಟೆ. ಎ, ಬಿ, ಸಿ ಮೂರೂ ಒತ್ತಿ ಆನ್ ಮಾಡಿದರೆ ಬರುವ ಅಲೈನ್‌ಮೆಂಟ್ (ಸೆಟ್‌ನ ಒಳಗಿನ ಹೊಂದಾಣಿಕೆ) ಮೆನುವಿನ ಅಂಕಿಗಳನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಬೇಜಾರಿನ ಕೆಲಸ, ಆದರೂ ಮಾಡಿ.

ಚಾನೆಲ್ ತುಂಬುವಾಗ ದಾರಿ ತಪ್ಪಿ ಎಸ್‌ಒ-50 ಅನ್ನೋ ಹ್ಯಾಮ್ ಉಪಗ್ರಹದ ಕಡೆ ಹೋದೆ. ಅದು ಕಳಿಸುವ ಡೌನ್‌ಲಿಂಕ್ 436.795 ಮೆಗಾಹರ್ಟ್ಸ್, ಡಾಪ್ಲರ್‌ಗೆ (ಉಪಗ್ರಹದ ಓಟದಿಂದ ಆವರ್ತನ ಜಾರುವುದು) ಅಂತ 436.805ರಿಂದ 436.785ವರೆಗೆ 5 ಕಿಲೋಹರ್ಟ್ಸ್‌ಗೆ ಒಂದರಂತೆ ಐದು ಸ್ಪ್ಲಿಟ್ ಮೆಮೊರಿ (ಕೇಳುವುದು ಒಂದರಲ್ಲಿ, ಕಳಿಸುವುದು ಇನ್ನೊಂದರಲ್ಲಿ). ಎಲ್ಲದರ ಅಪ್‌ಲಿಂಕ್ (ನಾವು ಕಳಿಸುವುದು) 145.850, ಜೊತೆಗೆ ಹೋಗುವ ಟೋನ್ 67 ಹರ್ಟ್ಸ್. ಉಪಗ್ರಹದ ಹತ್ತು ನಿಮಿಷದ ಟೈಮರ್ ಎಬ್ಬಿಸಲು 74.4 ಟೋನ್‌ನ ಇನ್ನೊಂದು. ಉಪಗ್ರಹ ಹಾದು ಹೋಗುವಾಗ ಒಂದು ಕೈಯಲ್ಲಿ ಯಾಗಿ ಆಂಟೆನಾ, ಇನ್ನೊಂದು ಕೈಯಲ್ಲಿ ಡಯಲ್ ಕ್ಲಿಕ್ ಮಾಡುತ್ತಾ ಹೋಗುವುದು. 5 ವಾಟ್‌ನಲ್ಲಿ ಶ್ರೀಲಂಕಾದ ಸ್ಟೇಷನ್ ಒಂದು 59 (ಸ್ಪಷ್ಟ, ಜೋರು ಅಂತ) ಕೊಟ್ಟಿತು. ಆ ಚೈನಾ ಹ್ಯಾಂಡಿಯವರು ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದರು.

ಒಟ್ಟು ಖರ್ಚು, ಆ ಒಂಬೈನೂರರ ಕೇಬಲ್ ಬಿಟ್ಟು, ಐನೂರರ ಒಳಗೆ. ಸುಟ್ಟು ಹೋಗುತ್ತೆ ಅಂದಿದ್ದ ಹಿರಿಯರಿಗೂ ಈಗ ಅವರ 857ಗೆ ಇಂಥದ್ದೇ ಒಂದು ಬೇಕಂತೆ. ಜ್ಯಾಕ್ ಅದೇ, ಮಾಡಿಕೊಡುತ್ತೇನೆ. 8 ಪಿನ್ ಪ್ಲಗ್ ಮಾತ್ರ ಅವರೇ ಹುಡುಕಿ ತರಲಿ.