ಪಾಠ ಮಾಡಲು ಕಲಿಯುತ್ತಿರುವವರಿಗೆ ಧೈರ್ಯ ತುಂಬುವುದು ಹೇಗೆ?

ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬರುತ್ತಾರೆ ಎಂದರೆ ಬೆಂಗಳೂರಿನ ಎಷ್ಟೋ ಸ್ಟಾಫ್ ರೂಮ್‌ಗಳಲ್ಲಿ ಮೊದಲು ಕೇಳುವ ಮಾತು, "ಸದ್ಯ, ಲೀವ್ ಪೀರಿಯಡ್‌ಗಳ ಚಿಂತೆ ತಪ್ಪಿತು." ತೊಂದರೆ ಶುರುವಾಗುವುದೇ ಇಲ್ಲಿಂದ. ಯಾರೋ ರಜೆ ಹಾಕಿದ ಕ್ಲಾಸಿಗೆ, ಗೊತ್ತಿಲ್ಲದ ಮಕ್ಕಳ ಮುಂದೆ, ತಯಾರಿಯಿಲ್ಲದೆ ನಿಂತವರಿಗೆ ಧೈರ್ಯ ಎಲ್ಲಿಂದ ಬರಬೇಕು?

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ ಕನಿಷ್ಠ 20 ವಾರ ಶಾಲೆಗೆ ಸಂಬಂಧಿಸಿದ ಕೆಲಸ ಇರಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಈ ವಾರಗಳಲ್ಲಿ ಪ್ರಶಿಕ್ಷಣಾರ್ಥಿಯ ಜೊತೆಗಿರುವ ಮಾರ್ಗದರ್ಶಕ ಶಿಕ್ಷಕರಿಗಾಗಿ ಈ ಲೇಖನ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ ಎಂದರು. ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ಮೈ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ನಾವು ಜಾಸ್ತಿ ಕೊಡುವುದು ಮೂರನೆಯದನ್ನು. "ಚೆನ್ನಾಗಿತ್ತು ಮೇಡಂ, ಹೀಗೇ ಮುಂದುವರಿಸಿ" ಎಂದು ಸಹಿ ಹಾಕಿ ಕಳಿಸುತ್ತೇವೆ. ಆ ಮಾತು ಸಂಜೆಯವರೆಗೂ ಉಳಿಯುವುದಿಲ್ಲ.

1. ಮೊದಲ ದಿನ ಕುರ್ಚಿ, ಹೆಸರು, ಗೌರವ

ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ, ಪುಸ್ತಕ ಇಡಲು ಒಂದಿಷ್ಟು ಜಾಗ ಮಾಡಿಕೊಡಿ. ಮಕ್ಕಳಿಗೆ ಪರಿಚಯಿಸುವಾಗ "ಟ್ರೈನಿಂಗ್‌ಗೆ ಬಂದಿದ್ದಾರೆ" ಎನ್ನಬೇಡಿ. "ಇವರು ನಿಮ್ಮ ಗಣಿತದ ಮೇಡಂ" ಎನ್ನಿ. ಮಕ್ಕಳು ಬಹಳ ಚುರುಕು. ನೀವು ಕೊಡುವ ಮರ್ಯಾದೆಯನ್ನು ನೋಡಿಯೇ ತಾವೆಷ್ಟು ಕೊಡಬೇಕೆಂದು ನಿರ್ಧರಿಸುತ್ತಾರೆ.

ಬೆಂಗಳೂರಿನಲ್ಲಿ ಇನ್ನೊಂದು ಸಂಗತಿಯಿದೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಪಿಜಿಯಲ್ಲಿ ಇದ್ದುಕೊಂಡು ಓದುವವರು ಬೇಕಾದಷ್ಟು ಜನ. ಅವರು "ಹೌದ್ರಿ", "ಹಂಗಲ್ಲ" ಅಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ ಎಂದು ನಗು. ಒಂದು ಸಲ ನಕ್ಕರೆ ಸಾಕು, ಆಮೇಲೆ ಪಾಠಕ್ಕಿಂತ ತಮ್ಮ ಮಾತಿನ ಮೇಲೇ ಅವರ ಗಮನ. ಇದಕ್ಕೆ ಕಾಯಬೇಡಿ. ಮೊದಲ ದಿನವೇ ಮಕ್ಕಳ ಮುಂದೆ ಹತ್ತು ನಿಮಿಷ ಅವರ ಊರಿನ ಬಗ್ಗೆ, ಅವರ ಕನ್ನಡದಲ್ಲೇ ಮಾತಾಡಿಸಿ. ನೀವೂ ಕೂತು ಕೇಳಿ, ಪ್ರಶ್ನೆ ಕೇಳಿ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವ ಮಕ್ಕಳೂ ಅದೇ ಕ್ಲಾಸಿನಲ್ಲಿರುತ್ತಾರೆ. ಅವರಿಗೂ ಇದರಿಂದ ಒಳ್ಳೆಯದೇ.

2. ಇಡೀ ಪೀರಿಯಡ್ ಒಮ್ಮೆಲೇ ಬೇಡ

ಮೊದಲು ಅವರು ನಿಮ್ಮ ಪಾಠ ನೋಡಲಿ. ಸಾಧ್ಯವಾದರೆ ಹೋದ ವರ್ಷವಷ್ಟೇ ಸೇರಿದ ಕಿರಿಯ ಶಿಕ್ಷಕರ ಪಾಠವನ್ನೂ ನೋಡಲಿ. ಇಪ್ಪತ್ತು ವರ್ಷ ಅನುಭವ ಇರುವವರನ್ನು ನೋಡಿದರೆ ಬೆರಗಾಗುತ್ತದೆ. ತಮಗಿಂತ ಎರಡೇ ಹೆಜ್ಜೆ ಮುಂದಿರುವವರನ್ನು ನೋಡಿದಾಗ 'ನಾನೂ ಮಾಡಬಹುದು' ಅನ್ನಿಸುತ್ತದೆ. ಆಮೇಲೆ ಹತ್ತು ನಿಮಿಷದ ಒಂದು ಚಟುವಟಿಕೆ ವಹಿಸಿ, ಮುಂದೆ ಅರ್ಧ ಪೀರಿಯಡ್, ನಂತರ ಪೂರ್ತಿ. ಪಾಠ ಯೋಜನೆಯನ್ನು ಎರಡು ದಿನ ಮೊದಲೇ ನೋಡಿ. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ "ಇದು ಸರಿಯಿಲ್ಲ" ಅಂದರೆ ಆ ದಿನದ ಕಥೆ ಮುಗಿಯಿತು.

3. ಪಾಠದ ನಂತರದ ಹತ್ತು ನಿಮಿಷ

ಎಲ್ಲಕ್ಕಿಂತ ಹೆಚ್ಚು ಕೆಲಸ ಆಗುವುದು ಇಲ್ಲೇ. ಆರನೇ ತರಗತಿ, ಭಿನ್ನರಾಶಿ ಪಾಠ ಅಂದುಕೊಳ್ಳಿ. "3/4 ದೊಡ್ಡದೋ, 3/8 ದೊಡ್ಡದೋ?" ಎಂದು ಪ್ರಶಿಕ್ಷಣಾರ್ಥಿ ಕೇಳುತ್ತಾರೆ. "3/8 ಮಿಸ್!" ಎಂದು ಅರ್ಧ ಕ್ಲಾಸು ಕೂಗುತ್ತದೆ. ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾ! ಅವರಿಗೆ ಗಾಬರಿ. "ಇಲ್ಲ, ಇಲ್ಲ, 3/4" ಎಂದು ಬೋರ್ಡ್ ಮೇಲೆ ಬರೆದು ಮುಂದಕ್ಕೆ ಹೋಗುತ್ತಾರೆ. ಕೊನೆಯಲ್ಲಿ ಕಾಗದದ ಪಟ್ಟಿ ಮಡಚಿ ತೋರಿಸುತ್ತಾರೆ.

ಹಿಂದಿನ ಬೆಂಚಿನಲ್ಲಿ ಕೂತ ನೀವು ಆಗ ಬಾಯಿ ಹಾಕಬೇಡಿ. ಬೋರ್ಡ್ ಮೇಲೆ ನಿಜವಾದ ತಪ್ಪೇ ಇದ್ದರೆ ಒಂದು ಚೀಟಿ ದಾಟಿಸಿ. ಹೀಗೆ ಮಾಡುತ್ತೇನೆ ಎಂದು ಮೊದಲೇ ತಿಳಿಸಿರಿ.

ಪಾಠ ಮುಗಿದ ಮೇಲೆ, ಬೇರೆ ಶಿಕ್ಷಕರಿಲ್ಲದ ಕಡೆ ಕೂತು, ಮೊದಲು ನೀವು ಕಂಡದ್ದನ್ನು ಹೇಳಿ. "ನೀವು ಪಟ್ಟಿ ಮಡಚಿದಾಗ ಮೂರನೇ ಬೆಂಚಿನ ಹುಡುಗಿ ತಾನೂ ಹಾಳೆ ಹರಿದು ಮಡಚಿದಳು, ನೋಡಿದ್ರಾ?" 'ಚೆನ್ನಾಗಿತ್ತು' ಎಂಬುದಕ್ಕಿಂತ ಇದು ಎಷ್ಟೋ ಮೇಲು. ತಾವು ಮಾಡಿದ ಯಾವ ಕೆಲಸ ಫಲ ಕೊಟ್ಟಿತು ಎಂದು ಅವರಿಗೆ ಗೊತ್ತಾಗುತ್ತದೆ. ಆಮೇಲೆ ಕೇಳಿ, "ಮಕ್ಕಳು 3/8 ಅಂತ ಯಾಕೆ ಅಂದ್ರು ಅನ್ನಿಸುತ್ತೆ?" ಉತ್ತರ ಅವರೇ ಹುಡುಕಲಿ.

ತಿದ್ದಬೇಕಾದ ಸಂಗತಿಗಳು ಹತ್ತು ಇರಬಹುದು. ಒಂದನ್ನೇ ಹೇಳಿ. ಇಲ್ಲಿ ಹೇಳಬೇಕಾದದ್ದು ಕಾಯುವುದರ ಬಗ್ಗೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವೂ ಆಗುತ್ತದೆ, ಉತ್ತಮವೂ ಆಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಹಾಗಾಗಿ ಅವರಿಗೆ ಹೇಳಿ, "ನಾಳೆ ಮಕ್ಕಳು ತಪ್ಪು ಹೇಳಿದಾಗ ಮನಸ್ಸಿನಲ್ಲೇ ಮೂರು ಎಣಿಸಿ, 'ಯಾಕೆ?' ಅಂತ ಕೇಳಿ. ಅಷ್ಟೇ ಸಾಕು."

4. ಅದೇ ಪಾಠ, ಇನ್ನೊಂದು ಸೆಕ್ಷನ್

ಸೂಕ್ಷ್ಮ ಬೋಧನೆ (ಮೈಕ್ರೋ ಟೀಚಿಂಗ್), ಅಂದರೆ ಪುಟ್ಟ ಪಾಠವೊಂದನ್ನು ಮಾಡಿ, ತಿದ್ದಿಕೊಂಡು, ಮತ್ತೆ ಮಾಡುವ ಅಭ್ಯಾಸ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಗೊತ್ತು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ. ಒಟ್ಟು 36. ಕಾಲೇಜಿನಲ್ಲಿ ಇಷ್ಟು ಕ್ರಮವಾಗಿ ಮಾಡಿಸುವ ಮರುಪಾಠವನ್ನು ಶಾಲೆಗೆ ಬಂದ ಮೇಲೆ ನಾವು ಮರೆತೇಬಿಡುತ್ತೇವೆ. ಹೇಳಿದ್ದನ್ನು ತಿದ್ದಿಕೊಳ್ಳಲು ಅವಕಾಶವೇ ಸಿಗದಿದ್ದರೆ ನಿಮ್ಮ ಸಲಹೆ ಬರೀ ಟೀಕೆಯಾಗಿ ಉಳಿಯುತ್ತದೆ. ನಾಳೆಯೇ 'ಬಿ' ಸೆಕ್ಷನ್‌ಗೆ ಅದೇ ಪಾಠ ಮಾಡಲಿ. ಒಂದೇ ಸೆಕ್ಷನ್ ಇದ್ದರೆ ಮರುದಿನದ ಮೊದಲ ಹತ್ತು ನಿಮಿಷ ಅದೇ ಪ್ರಶ್ನೆಗೆ ಮೀಸಲಿಡಿ. ಅಲ್ಲಿ ಒಬ್ಬ ಹುಡುಗ "ಎಂಟು ಭಾಗ ಮಾಡಿದ್ರೆ ತುಂಡು ಚಿಕ್ಕದಾಗುತ್ತೆ ಮಿಸ್" ಎಂದರೆ, ಬಂಡೂರ ಹೇಳಿದ ಗೆಲುವು ಅದೇ.

5. ಸೊರಗಿದ ದಿನ

ರಾತ್ರಿ ಹನ್ನೊಂದರವರೆಗೆ ರೆಕಾರ್ಡ್ ಬರೆದು, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿ ಬಂದವರ ಮುಖ ಬಾಡಿದ್ದರೆ ಅದನ್ನು ಆಸಕ್ತಿಯಿಲ್ಲ ಎಂದು ಓದಬೇಡಿ. ಬಿಸಿಯೂಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು "ಊಟ ಆಯ್ತಾ? ನಿದ್ದೆ ಮಾಡಿದ್ರಾ?" ಎಂದು ಕೇಳಿ. ಅಗತ್ಯವಿದ್ದರೆ ಆ ದಿನದ ಪಾಠವನ್ನು ಇಬ್ಬರೂ ಸೇರಿ ಮಾಡಿ.

ಮೊದಲ ವಾರಗಳಲ್ಲಿ ಅವರ ಚಿಂತೆಯೆಲ್ಲ ತಮ್ಮ ಬಗ್ಗೆಯೇ ಇರುತ್ತದೆ. ಕ್ಲಾಸು ಕೈಮೀರುತ್ತದಾ, ಮಕ್ಕಳು ಇಷ್ಟಪಡುತ್ತಾರಾ? ಶಿಕ್ಷಕರ ಚಿಂತೆಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಫ್ರಾನ್ಸಿಸ್ ಫುಲ್ಲರ್ 1969ರಲ್ಲೇ ಇದನ್ನು ಗುರುತಿಸಿದ್ದರು. ಮಕ್ಕಳ ಕಲಿಕೆಯ ಚಿಂತೆ ಬರುವುದು ಆಮೇಲೆ. ಹಾಗಾಗಿ ಇದನ್ನು ಸ್ವಾರ್ಥ ಎಂದು ತಿಳಿಯಬೇಡಿ.

6. ಕೊನೆಯ ವಾರಗಳಲ್ಲಿ ಅವರಿಗೇ ಬಿಡಿ

ಒಂದು ಇಡೀ ಘಟಕವನ್ನು ಅವರಿಗೇ ಒಪ್ಪಿಸಿ. ಯೋಜನೆ, ಕಲಿಕೋಪಕರಣ, ಘಟಕ ಪರೀಕ್ಷೆ ಎಲ್ಲ ಅವರದೇ. ನಿಮಗಿಂತ ಬೇರೆ ದಾರಿ ಹಿಡಿದರೂ ತಡೆಯಬೇಡಿ. ಉತ್ತರ ಪತ್ರಿಕೆಗಳನ್ನು ಅವರೇ ತಿದ್ದಿದ ಮೇಲೆ ಇಬ್ಬರೂ ಕೂತು, ಯಾವ ಪ್ರಶ್ನೆಯಲ್ಲಿ ಹೆಚ್ಚು ಮಕ್ಕಳು ಎಡವಿದ್ದಾರೆ ಎಂದು ನೋಡಿ. ಆ ಪ್ರಶ್ನೆಯನ್ನು ಮತ್ತೆ ಕಲಿಸಲು ಒಂದು ಪೀರಿಯಡ್ ಉಳಿದಿರುವಂತೆ ಪರೀಕ್ಷೆಯ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.