ಮೇಜಿನ ಕಾಲು ನಾಲ್ಕು ಇಂಚು ಕೊಯ್ಯಿಸಿದ ಮೇಲೆ: ಮನೆಯಲ್ಲಿ ಕಚೇರಿ ಮಾಡಿಕೊಂಡ ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ಮತ್ತು ಅವರ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. 2020ರ ಮಾರ್ಚ್‌ವರೆಗೆ ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯಿಂದ ಹುಬ್ಬಳ್ಳಿಯ ಕಚೇರಿಗೆ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಲಾಕ್‌ಡೌನ್ ಬಂದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಊಟದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಆರಂಭಿಸಿದೆ. ಎರಡು ತಿಂಗಳು ಹಾಗೆ ಕಳೆಯುವಷ್ಟರಲ್ಲಿ ಬಲಭುಜದಿಂದ ಕಿವಿಯ ಹಿಂಭಾಗದವರೆಗೆ ನೋವು ಹತ್ತಿಕೊಂಡಿತು. ಮುಂದೆಯೂ ಮನೆಯಿಂದಲೇ ಕೆಲಸ ಮಾಡುವುದೆಂದು ನಿಶ್ಚಯವಾದಾಗ, ಹಿಂದೆ ಜೋಳದ ಚೀಲಗಳನ್ನು ಇಡುತ್ತಿದ್ದ ಒಂಬತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದೆ.

ಆ ಕೋಣೆಗೆ ಬಂದ ಮೊದಲ ವಸ್ತುವೆಂದರೆ ನಮ್ಮ ಮಾವನವರ ಸಾಗವಾನಿ ಮೇಜು. ಮೂವತ್ತು ಇಂಚು ಎತ್ತರದ, ನಡುವೆ ಒಂದು ಸೆಳೆಖಾನೆ (ಡ್ರಾಯರ್) ಇದ್ದ ಗಟ್ಟಿಮುಟ್ಟಾದ ಮೇಜು ಅದು. ಅದರ ಮುಂದೆ ಕುಳಿತ ಒಂದೇ ವಾರದಲ್ಲಿ ನೋವು ಕಡಿಮೆಯಾಗುವ ಬದಲು ಎರಡೂ ಭುಜಗಳಿಗೆ ಹರಡಿತು. ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಔಷಧದ ಮಾತು ಆಡುವ ಮೊದಲು, ಕುರ್ಚಿಯಲ್ಲಿ ಕುಳಿತಾಗ ನೆಲದಿಂದ ಮೊಣಕೈವರೆಗೆ ಎಷ್ಟು ಎತ್ತರವಿದೆ ಎಂದು ಕೇಳಿದರು. ಅದನ್ನು ನಾನು ಎಂದೂ ಅಳೆದಿರಲಿಲ್ಲ.

ಮನೆಗೆ ಬಂದು ಮಗಳ ಕೈಯಲ್ಲಿ ಟೇಪು ಕೊಟ್ಟು ಅಳೆಸಿದೆ. ನನ್ನ ಎತ್ತರ ಐದು ಅಡಿ ಒಂದು ಇಂಚು. ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರುವಂತೆ ಕುಳಿತಾಗ ಕುರ್ಚಿಯ ಆಸನ ಹದಿನಾರು ಇಂಚಿನಲ್ಲಿರಬೇಕಾಗಿತ್ತು. ಭುಜ ಸಡಿಲಬಿಟ್ಟು ಮೊಣಕೈ ಮಡಚಿದರೆ ಅದು ನೆಲದಿಂದ ಇಪ್ಪತ್ತೈದು ಇಂಚಿಗೆ ಬರುತ್ತಿತ್ತು. ಅಂದರೆ ಮೂವತ್ತು ಇಂಚಿನ ಮೇಜಿನ ಮೇಲೆ ಟೈಪ್ ಮಾಡುವಾಗ ನಾನು ದಿನಕ್ಕೆ ಎಂಟು ತಾಸು ಎರಡೂ ಭುಜಗಳನ್ನು ಎತ್ತಿ ಹಿಡಿದುಕೊಂಡೇ ಕುಳಿತಿರುತ್ತಿದ್ದೆ. ಅಂಗಡಿಗಳಲ್ಲಿ ಸಿಗುವ ಮೇಜುಗಳು ಬಹುತೇಕ 29 ಅಥವಾ 30 ಇಂಚಿನವು. ಎತ್ತರದ ಆಳಿಗೆ ಅವು ಸರಿಹೊಂದುತ್ತವೆ. ನಮ್ಮ ಕಡೆಯ ಬಹಳಷ್ಟು ಹೆಣ್ಣುಮಕ್ಕಳಿಗೆ ಹೊಂದುವುದಿಲ್ಲ. ಕುರ್ಚಿಯನ್ನು ಏರಿಸಿಕೊಂಡು ಕಾಲ ಕೆಳಗೆ ಮಣೆ ಇಟ್ಟುಕೊಳ್ಳುವುದು ಇದಕ್ಕೆ ಒಂದು ಉಪಾಯ. ಅದನ್ನೂ ಮಾಡಿ ನೋಡಿದೆ. ಆದರೆ ಫೈಲು ತೆಗೆಯಲು ಹತ್ತು ಸಲ ಏಳುವ ನನ್ನಂಥವರಿಗೆ ಪ್ರತಿಸಲವೂ ಮಣೆಯಿಂದ ಇಳಿದು ಹತ್ತುವುದು ತ್ರಾಸದ ಕೆಲಸ. ಅದಲ್ಲದೆ ಆಸನ ಏರಿದಂತೆ ತೊಡೆಗಳು ಸೆಳೆಖಾನೆಗೆ ತಾಗುತ್ತಿದ್ದವು.

ಮಾವನವರ ಮೇಜನ್ನು ಕೊಯ್ಯಿಸುವ ಮಾತನ್ನು ಅತ್ತೆಯವರ ಮುಂದೆ ತೆಗೆಯಲು ನನಗೆ ನಾಲ್ಕು ದಿನ ಬೇಕಾಯಿತು. ಅವರು ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸದೆಯೇ, “ಅವರಿದ್ದಿದ್ರ ತಾವ ಗರಗಸ ಹಿಡದು ಕೊಯ್ದು ಕೊಡತಿದ್ರು. ಕೊಯ್ಸಿಬಿಡವಾ” ಎಂದರು. ಮರುದಿನ ನಮ್ಮ ಓಣಿಯ ಬಡಿಗೇರ ಅಜ್ಜನವರನ್ನು ಕರೆಸಿದೆ. ಅವರು ಗರಗಸವನ್ನು ಚೀಲದಿಂದ ತೆಗೆಯಲೇ ಇಲ್ಲ. “ಅಕ್ಕಾರ, ಒಮ್ಮೆ ಕೊಯ್ದರ ಮತ್ತ ಕೂಡಸಾಕ ಬರಂಗಿಲ್ರಿ. ಮೊದಲ ಕುಂತು ಕೆಲಸಾ ಮಾಡಿ ತೋರಸ್ರಿ” ಎಂದು ಹೇಳಿ, ಒಂದು ಹಲಗೆಯನ್ನು ಇಟ್ಟಂಗಿಗಳ ಮೇಲೆ ಬೇರೆ ಬೇರೆ ಎತ್ತರಕ್ಕೆ ಇಟ್ಟು, ಒಂದೊಂದು ಎತ್ತರದಲ್ಲೂ ನಾನು ಕಾಲು ಗಂಟೆ ಟೈಪ್ ಮಾಡುವುದನ್ನು ನಿಂತು ನೋಡಿದರು. ಇಪ್ಪತ್ತೈದು ಇಂಚಿನಲ್ಲಿ ಕೈ ಹಗುರವಾಗಿತ್ತು, ಆದರೆ ಲೆಡ್ಜರ್‌ನಲ್ಲಿ ಪೆನ್ನು ಹಿಡಿದು ಬರೆಯಲು ಬಗ್ಗಬೇಕಾಗುತ್ತಿತ್ತು. ಇಪ್ಪತ್ತಾರರಲ್ಲಿ ಎರಡೂ ನಡೆದವು. ಆಮೇಲೆ ಸೆಳೆಖಾನೆ ಕಳಚಿ, ನಾಲ್ಕು ಕಾಲುಗಳಿಗೂ ಸೀಸಕಡ್ಡಿಯಿಂದ ಗೆರೆ ಎಳೆದು, ನಾಲ್ಕು ಇಂಚು ಕೊಯ್ದರು. ಕೊಯ್ದ ತುಂಡುಗಳೊಳಗಿನ ಮರ ಜೇನಿನ ಬಣ್ಣದ್ದಾಗಿತ್ತು, ವಾಸನೆಯೂ ಹೊಸ ಮರದಂತೆಯೇ ಇತ್ತು. ಆ ನಾಲ್ಕು ತುಂಡುಗಳನ್ನೇ ಕಾಲುಗಳಾಗಿ ಮಾಡಿ, ಮೇಲೊಂದು ಹಲಗೆ ಜಡಿದು, ಲ್ಯಾಪ್‌ಟಾಪ್ ಇಡಲು ಪೀಠ ಮಾಡಿಕೊಟ್ಟರು. ಲ್ಯಾಪ್‌ಟಾಪ್ ಈಗ ಅದರ ಮೇಲೆ ಇರುತ್ತದೆ. ಟೈಪ್ ಮಾಡುವುದಕ್ಕೆ ಬೇರೆ ಕೀಬೋರ್ಡ್ ಇದೆ.

ಪರದೆಯ ಎತ್ತರದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಲವತ್ತೈದು ದಾಟಿದ ಬಹಳ ಜನರಿಗೆ ಅದು ಅನ್ವಯಿಸುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು ಎಂಬ ನಿಯಮವನ್ನು ನಂಬಿ ಪೀಠದ ಕೆಳಗೆ ಎರಡು ಹಳೆಯ ಲೆಡ್ಜರ್‌ಗಳನ್ನೂ ಸೇರಿಸಿದ್ದೆ. ಭುಜದ ನೋವು ಹೋಯಿತು, ಕುತ್ತಿಗೆಯ ಹಿಂದೆ ಹೊಸ ನೋವು ಬಂದಿತು. ಕಾರಣ ನನ್ನ ಪ್ರೊಗ್ರೆಸಿವ್ ಕನ್ನಡಕ. ಅದರಲ್ಲಿ ಹತ್ತಿರದ ಅಕ್ಷರ ಕಾಣುವ ಭಾಗ ಗಾಜಿನ ಕೆಳಗಿರುವುದರಿಂದ, ಎತ್ತರದ ಪರದೆಯನ್ನು ಓದಲು ನಾನು ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ಬಾಗಿಸುತ್ತಿದ್ದೆ. ಲೆಡ್ಜರ್‌ಗಳನ್ನು ತೆಗೆದು, ಮೇಲಂಚು ಕಣ್ಣಿಗಿಂತ ಮೂರು ಇಂಚು ಕೆಳಗೆ ಬರುವಂತೆ ಮಾಡಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದ ಮೇಲೆ ಆ ನೋವು ಹತ್ತು ದಿನಗಳಲ್ಲಿ ನಿಂತಿತು. ಕುರ್ಚಿಯ ಬಗ್ಗೆ ಹೇಳುವುದು ಕಡಿಮೆ: ಎತ್ತರ ಹೊಂದಿಸಲು ಬರುವ, ಮೊಣಕಾಲ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಉಳಿಯುವ ಕುರ್ಚಿಯಾದರೆ ಸಾಕು, ಬಳಸಿದ್ದಾದರೂ ಅಡ್ಡಿಯಿಲ್ಲ.

ಬೆಳಕಿನ ವಿಷಯದಲ್ಲಿ ಹಳೆಯ ಹೆಂಚಿನ ಮನೆ ನನಗೆ ಬಹಳ ಕಲಿಸಿತು. ಕೋಣೆಗೆ ಇರುವುದು ಉತ್ತರದ ಒಂದೇ ಕಿಟಕಿ. ಪರದೆ ಕಿಟಕಿಗೆ ಬೆನ್ನು ಮಾಡಿದರೆ ಎದುರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮುಖ ಮಾಡಿದರೆ ಕಿಟಕಿಯೇ ಪರದೆಯಲ್ಲಿ ಕಾಣುತ್ತದೆ. ಆದ್ದರಿಂದ ಕಿಟಕಿ ನನ್ನ ಎಡಗೈಗೆ ಬರುವಂತೆ ಮೇಜನ್ನು ಅಡ್ಡಲಾಗಿ ಇರಿಸಿದೆ. ಬಲಗೈಯಿಂದ ಬರೆಯುವವಳಾದ್ದರಿಂದ ಕೈಯ ನೆರಳೂ ಕಾಗದದ ಮೇಲೆ ಬೀಳುವುದಿಲ್ಲ. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ ಎಂಬ ಮಾತು ನಮ್ಮ ಊರಿಗೆ ಪೂರ್ತಿ ನಿಜವಲ್ಲ. ಧಾರವಾಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ಕೋಣೆಯೊಳಗೆ ಇಳಿಯುತ್ತದೆ. ಮಳೆಗಾಲದ ಮೋಡ ಅದನ್ನು ಬಹಳಷ್ಟು ತಡೆಯುತ್ತದೆ. ಮೇ ತಿಂಗಳಿಗೆಂದು ಒಂದು ಬಿದಿರಿನ ತಟ್ಟಿ ಕಟ್ಟಿದ್ದೇನೆ.

ಹೆಚ್ಚು ಕಾಡಿದ್ದು ಚಾವಣಿಯಲ್ಲಿದ್ದ ಒಂದು ಗಾಜಿನ ಹೆಂಚು. ಏಪ್ರಿಲ್‌ನಲ್ಲಿ ಹನ್ನೆರಡರ ಹೊತ್ತಿಗೆ ಅದರಿಂದ ಅಂಗೈಯಗಲದ ಬಿಸಿಲಿನ ತುಂಡೊಂದು ಮೇಜಿನ ಮೇಲೆ ಇಳಿದು, ಮೌಸ್ ದಾಟಿ, ಕೀಬೋರ್ಡ್ ದಾಟಿ, ಗೋಡೆಯ ಮಾಡದವರೆಗೆ ಸರಿಯುತ್ತಿತ್ತು. ಆ ಅರ್ಧ ಗಂಟೆ ಪರದೆಯಲ್ಲಿ ಅಂಕಿಗಳೇ ಕಾಣುತ್ತಿರಲಿಲ್ಲ. ಹೆಂಚು ತೆಗೆಸಿದರೆ ಮಳೆಗಾಲದಲ್ಲಿ ಕೋಣೆ ಕತ್ತಲಾಗುತ್ತದೆ. ಹಳೆಯ ಬಿಳಿ ಧೋತರದ ಒಂದು ಮಡಿಕೆಯನ್ನು ಅದರ ಕೆಳಗೆ ಬಿಗಿಯಾಗಿ ಕಟ್ಟಿದೆ. ಬಿಸಿಲು ಒಡೆದು ಕೋಣೆಯ ತುಂಬ ಹಾಲಿನಂತಹ ಬೆಳಕು ಹರಡಿತು.

ಇನ್ನು ಕರೆಂಟು. ವ್ಯಾಪಾರಿಯ ಮಾರಾಟ ಮತ್ತು ತೆರಿಗೆಯ ಒಟ್ಟು ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿ ರಿಟರ್ನ್ ಅನ್ನು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಪ್ರತಿ ತಿಂಗಳು 20ನೇ ತಾರೀಖು ಕೊನೆಯ ದಿನ. ತಪ್ಪಿದರೆ ಸಾಮಾನ್ಯವಾಗಿ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ತೆರಿಗೆ ಬಾಕಿಯಿದ್ದರೆ ಅದರ ಮೇಲೆ ವಾರ್ಷಿಕ ಶೇ 18ರ ಬಡ್ಡಿ. ಒಂದು 20ನೇ ತಾರೀಖಿನ ಸಂಜೆ, ಅಮರಗೋಳದ ಎಪಿಎಂಸಿಯ ವ್ಯಾಪಾರಿಯೊಬ್ಬರ ಓಟಿಪಿ ನಮೂದಿಸುವ ಹೊತ್ತಿಗೆ ಮಳೆಗೆ ಕರೆಂಟು ಹೋಯಿತು. ಮನೆಯಲ್ಲಿ ಇನ್ವರ್ಟರ್ ಇತ್ತು, ದೀಪ ಕಣ್ಣು ಮಿಟುಕಿಸಿ ಉರಿಯಿತು, ಆದರೆ ಇಂಟರ್ನೆಟ್ ಮೂರು ನಿಮಿಷ ಬರಲಿಲ್ಲ. ಹಾಗೆ ಮೂರು ಸಲ ಆಯಿತು. ಆ ರಿಟರ್ನ್ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಮರುದಿನ ಬಂದ ಎಲೆಕ್ಟ್ರಿಶಿಯನ್ ಇನ್ವರ್ಟರ್‌ನ ಹಿಂಭಾಗದ ಚಿಕ್ಕ ಗುಂಡಿಯೊಂದನ್ನು ಯುಪಿಎಸ್ ಕಡೆಗೆ ಒತ್ತಿದರು, ಅಷ್ಟೇ. ನಾರ್ಮಲ್ ಎಂಬ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು ತಗಲುವ ಕ್ಷಣದ ಅಂತರದಲ್ಲೇ ರೌಟರ್ ಆರಿ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಯುಪಿಎಸ್ ಸ್ಥಿತಿಯಲ್ಲಿ ಆ ಅಂತರ ಬಹಳ ಕಿರಿದು.

ಅದೇ ದಿನ ಅವರ ಜೊತೆ ಕುಳಿತು ಲೆಕ್ಕ ಹಾಕಿದೆವು. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ, ನಷ್ಟ ಕಳೆದು 1,200 ಕೈಗೆ ಸಿಗುತ್ತದೆ ಎಂದು ಹಿಡಿಯಬಹುದು. ಲ್ಯಾಪ್‌ಟಾಪ್‌ಗೆ 65, ರೌಟರ್ ಮತ್ತು ಫೈಬರ್ ಡಬ್ಬಿಗೆ 20, ದೀಪಕ್ಕೆ 20, ಹಳೆಯ ಫ್ಯಾನಿಗೆ 75 ಸೇರಿ 180 ವ್ಯಾಟ್ ಆಗುತ್ತಿತ್ತು. ಕಡಿಮೆ ಕರೆಂಟು ಬಳಸುವ, 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿಸಿದ ಮೇಲೆ ಕೋಣೆಯ ಹೊರೆ 133ಕ್ಕೆ ಇಳಿದು, ಆರೂವರೆ ತಾಸು ಬರುತ್ತಿದ್ದ ಬ್ಯಾಟರಿ ಒಂಬತ್ತು ತಾಸಿಗೆ ಏರಿತು. ಬ್ಯಾಟರಿಯನ್ನು ಮಾತ್ರ ಕೋಣೆಯಲ್ಲಿ ಇಡಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ನಮ್ಮದು ಗಾಳಿಯಾಡುವ ಹಿತ್ತಲ ಕಟ್ಟೆಯ ಮೇಲಿದೆ.

ಲ್ಯಾಪ್‌ಟಾಪ್‌ನ ಲೋಹದ ಮೈಗೆ ಮಣಿಕಟ್ಟು ತಾಗಿದಾಗ ಜುಮ್ಮೆನ್ನುತ್ತಿದ್ದುದನ್ನು ನಾನು ವರ್ಷಗಟ್ಟಲೆ ಅಲಕ್ಷ್ಯ ಮಾಡಿದ್ದೆ. ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್‌ಗೆ, ತಂತಿಯನ್ನೇ ಎಳೆದಿರಲಿಲ್ಲ. ಹಳೆಯ ಮನೆಯವರು ದಯವಿಟ್ಟು ಇದನ್ನು ಮೊದಲು ನೋಡಿಸಿಕೊಳ್ಳಿ. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ತೋಡಿಸಿ, 30 ಮಿಲಿಆಂಪಿಯರ್ ಸೋರಿಕೆಯಾದರೆ ತಾನಾಗಿಯೇ ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಹಾಕಿಸಿದೆ. ಮೇಜು, ಕುರ್ಚಿಗಿಂತ ಹೆಚ್ಚು ಖರ್ಚು ಅದಕ್ಕೇ ಆಯಿತು. ಇಪ್ಪತ್ತು ಇಂಚಿನ ಕಲ್ಲಿನ ಗೋಡೆ ದಾಟಿ ವೈಫೈ ಬಾರದ ಸಮಸ್ಯೆಗೆ ಬಾಗಿಲ ಚೌಕಟ್ಟಿನ ಮೇಲಿಂದ ಕ್ಯಾಟ್-6 ಎಂಬ ಇಂಟರ್ನೆಟ್ ಕೇಬಲ್ ಎಳೆದದ್ದೇ ಪರಿಹಾರವಾಯಿತು. ಫೋನಿನಲ್ಲಿ ನನ್ನ ಮಾತು ಬಾವಿಯಿಂದ ಬಂದಂತೆ ಕೇಳುತ್ತದೆ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಎದುರಿನ ಬರಿಗೋಡೆಗೆ ಅತ್ತೆಯವರು ಹೊಲಿದ ಕೌದಿಯನ್ನು ತೂಗುಹಾಕಿ, ನೆಲಕ್ಕೆ ನವಲಗುಂದದ ಜಮಖಾನೆ ಹಾಸಿದ ಮೇಲೆ ಆ ದೂರು ನಿಂತಿತು.

ಈಗ ಸಂಜೆ ಆರರ ನಂತರ ಮೇಜು ಮಗಳಿಗೆ. ಅವಳು ಐದು ಅಡಿ ಏಳು ಇಂಚು. ತನ್ನ ಕಾಲಿಗೆ ತಕ್ಕಂತೆ ಕುರ್ಚಿ ಏರಿಸಿಕೊಂಡರೆ ಮೇಜು ತಗ್ಗಾಗಿ, ಬಗ್ಗಿ ಬರೆಯುತ್ತಾಳೆ. ಮೊನ್ನೆ ಅವಳನ್ನೂ ಟೇಪು ಹಿಡಿದು ಅಳೆದೆ. ಮೊಣಕೈ ಇಪ್ಪತ್ತೆಂಟೂವರೆ ಇಂಚಿಗೆ ಬಂದಿತು. ಮೇಜಿನ ಕಾಲು ಕೂರುವಷ್ಟು ಕುಳಿ ತೋಡಿದ, ಎರಡೂವರೆ ಇಂಚು ಏರಿಸುವ ನಾಲ್ಕು ಮರದ ತುಂಡುಗಳನ್ನು ಮಾಡಿಕೊಡಲು ಬಡಿಗೇರ ಅಜ್ಜನವರಿಗೆ ಹೇಳಿದ್ದೇನೆ. ಮೊದಲು ಅವಳೂ ಇಟ್ಟಂಗಿಯ ಮೇಲಿನ ಹಲಗೆಯ ಮುಂದೆ ಕಾಲು ಗಂಟೆ ಕುಳಿತು ತೋರಿಸಬೇಕೆಂದು ಹೇಳಿ ಕಳಿಸಿದ್ದಾರೆ. ಈ ರವಿವಾರ ಬರುತ್ತಾರೆ.